ಅಪ್‌ಡೇಟ್: ಪ್ರಾರ್ಥನೆಗೆ ಅಡ್ಡ ನಿಂತಿದ್ದ ಗೋಡೆ

ಹೋದ ತಿಂಗಳು ಕೇಳಿದ್ದೆ: ಹೊಲದ ಬದುವಿನ ಜಗಳದಲ್ಲಿ ಅಣ್ಣನ ಜೊತೆ ಮಾತು ಬಿಟ್ಟು ನಾಲ್ಕು ವರ್ಷ ಆಯಿತು, ಪ್ರಾರ್ಥನೆಗೆ ಕೂತರೆ ದೇವರಿಗೂ ನನಗೂ ನಡುವೆ ಗೋಡೆ ಎದ್ದ ಹಾಗಿದೆ, ಏನು ಮಾಡಲಿ ಅಂತ. ತುಂಬಾ ಜನ ಉಪವಾಸ ಮಾಡು ಅಂದಿದ್ದಿರಿ. ಮಾಡಿದೆ. ಹೊಟ್ಟೆ ಹಸಿಯಿತು, ಅಷ್ಟೇ.

ಆಮೇಲೆ ಬೀದರಿನ ನಮ್ಮ ಪಾಸ್ಟರ್ ಬೈಬಲಿನ ಮತ್ತಾಯ 27:51 ಓದಿಸಿದರು. ಯೇಸು ಪ್ರಾಣ ಬಿಟ್ಟಾಗ ದೇವಾಲಯದ ತೆರೆ ಹರಿದ ಮಾತು. ಆ ತೆರೆಯ ಆಚೆ, ದೇವರ ಸನ್ನಿಧಿಯ ಜಾಗಕ್ಕೆ, ಮಹಾಯಾಜಕ (ಯೆಹೂದ್ಯರ ಮುಖ್ಯ ಪುರೋಹಿತ) ಮಾತ್ರ, ಅದೂ ವರ್ಷಕ್ಕೆ ಒಂದೇ ದಿನ ಹೋಗಬಹುದಿತ್ತು. "ಮೇಲಿನಿಂದ ಕೆಳಕ್ಕೆ ಹರಿದಿದೆ, ನೋಡು" ಅಂದರು. ಅಂದರೆ ಹರಿದದ್ದು ಮನುಷ್ಯನ ಕೈಯಲ್ಲ, ಅಲ್ವಾ? ಇಷ್ಟು ವರ್ಷ ಓದಿದ್ದೇನೆ, ಅದು ಕಣ್ಣಿಗೇ ಬಿದ್ದಿರಲಿಲ್ಲ. ದೇವರ ಕಡೆಯ ಅಡ್ಡಿ ಆಗಲೇ ಹೋಗಿತ್ತು. ಉಳಿದದ್ದು ನನ್ನ ಹಟ. ಮತ್ತಾಯ 5:23-24 ಅಂತೂ ನೇರ ಮಾತು: ಕಾಣಿಕೆ ಅಲ್ಲೇ ಬಿಡು, ಮೊದಲು ಸಹೋದರನ ಜೊತೆ ಒಂದಾಗು.

ಶನಿವಾರ ಹುಮನಾಬಾದ್ ಬಸ್ ಹತ್ತಿದೆ. ಅಣ್ಣ ಬಾಗಿಲಲ್ಲಿ ಸುಮ್ನೆ ನಿಂತ. ತಪ್ಪಾಯಿತು ಅಂದೆ. ಏನೂ ಹೇಳಲಿಲ್ಲ. ಅತ್ತಿಗೆ ಜೋಳದ ರೊಟ್ಟಿ, ಪುಂಡಿ ಪಲ್ಯ ಬಡಿಸಿದರು. ಬದುವಿನ ವಿಷಯ ಇನ್ನೂ ಬಗೆಹರಿದಿಲ್ಲ. ಆದರೆ ಹೊರಡುವಾಗ ಬಸ್ ಸ್ಟ್ಯಾಂಡ್ ತನಕ ಬಂದ. ಆ ರಾತ್ರಿ ಪ್ರಾರ್ಥನೆಯಲ್ಲಿ ಎರಡೇ ಮಾತು, ಅಳುವೇ ಜಾಸ್ತಿ.