ಪದಚರ್ಚೆ: ಚೀನೀ ಕಥೆಗಳ ‘ಶಿಯೆನ್’ ಕನ್ನಡದಲ್ಲಿ ‘ಸಿದ್ಧ’ ಆಗಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಅದರ ಬೆನ್ನಿಗೇ ಇನ್ನೂ ಎರಡು ಮೂರು ಪದಗಳು ಬರುತ್ತವೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಕಳೆದ ಕೆಲವು ತಿಂಗಳಿಂದ ಅಮ್ಮ ಮತ್ತು ನಾನು ರಾತ್ರಿ ಊಟ ಆದ ಮೇಲೆ ಚೀನಾದ ಧಾರಾವಾಹಿ ನೋಡುತ್ತೇವೆ. ಹುಚ್ಚು ಹಿಡಿಸಿದವಳು ತಂಗಿಯ ಮಗಳು. ಶುರು ಮಾಡಿದ್ದು 2019ರ ‘ದಿ ಅನ್‌ಟೇಮ್ಡ್’ ಇಂದ. ಅದರಲ್ಲಿ 50 ಕಂತುಗಳಿವೆ. ಅಮ್ಮನಿಗೆ ಕೆಳಗೆ ಓಡುವ ಇಂಗ್ಲಿಷ್ ಸಾಲು ಓದಲು ಆಗುವುದಿಲ್ಲ. ನಾನು ಓದಿ, ಅಲ್ಲೇ ಕನ್ನಡ ಮಾಡಿ ಹೇಳುತ್ತೇನೆ. ತಡವರಿಸುವುದು ಅಲ್ಲೇ.

ಈ ಬಗೆಯ ಕಥೆಗಳಿಗೆ ಚೀನೀ ಭಾಷೆಯಲ್ಲಿ ‘ಶಿಯೆನ್‌ಶಿಯಾ’ ಎಂದು ಹೆಸರು. ‘ಶಿಯಾ’ ಎಂದರೆ ಕತ್ತಿ ಹಿಡಿದು ನ್ಯಾಯಕ್ಕೆ ನಿಲ್ಲುವ ಕಲಿ. ಅದು ನನಗೆ ತೊಂದರೆ ಕೊಡಲಿಲ್ಲ. ‘ಶಿಯೆನ್’ ಕಷ್ಟ. ಇಂಗ್ಲಿಷ್‌ನವರು ಇದನ್ನು ‘ಇಮ್ಮಾರ್ಟಲ್’ ಮಾಡುತ್ತಾರೆ. ಅದನ್ನು ಹಿಡಿದುಕೊಂಡು ನಾನು ‘ಅಮರರು’ ಅಂದೆ. ಅಮ್ಮ ಕೇಳಿದರು, ‘ಅಮರರು ಅಂದ್ರೆ ದೇವತೆಗಳಲ್ವಾ? ಇವರು ಮನುಷ್ಯರ ಹಾಗೇ ಇದ್ದಾರಲ್ಲ?’ ಸರಿಯಾದ ಪ್ರಶ್ನೆ. ಶಿಯೆನ್ ಹುಟ್ಟಿನಿಂದ ದೇವರಾಗಬೇಕಿಲ್ಲ. ಮನುಷ್ಯನೇ ವರ್ಷಗಟ್ಟಲೆ ಉಸಿರು ಹಿಡಿದು, ಗುಳಿಗೆ ತಿಂದು, ಬೆಟ್ಟದಲ್ಲಿ ಕೂತು ಸಾವನ್ನು ದಾಟಿದರೆ ಶಿಯೆನ್ ಆಗುತ್ತಾನೆ. ‘ಚಿರಂಜೀವಿ’ ಎನ್ನೋಣವೆಂದರೆ ನಮ್ಮಲ್ಲಿ ಅವರು ಏಳೇ ಜನ. ಅವರಲ್ಲಿ ಅಶ್ವತ್ಥಾಮನಿಗೆ ಅದು ಶಾಪ. ದುಡಿದು ಪಡೆಯುವ ಸ್ಥಿತಿ ಎಂಬ ಅರ್ಥ ಆ ಪದದಲ್ಲಿ ಇಲ್ಲ.

ನಾನು ಇಷ್ಟನ್ನು ಬಿಡಿಸಿ ಹೇಳಿದ ಮೇಲೆ ಅಮ್ಮ ಅಂದರು, ‘ಹಾಗಾದ್ರೆ ಸಿದ್ಧರು ಅನ್ನು. ನಮ್ಮ ಸಿದ್ಧರಬೆಟ್ಟದಲ್ಲಿ ಇದ್ದೋರೂ ಇಂಥೋರೇ.’

ನನಗೆ ರೋಮಾಂಚನವಾಯಿತು. ಚೀನೀ ಲಿಪಿಯಲ್ಲಿ ‘ಶಿಯೆನ್’ ಬರೆಯುವ ಅಕ್ಷರದಲ್ಲಿ ಎರಡು ಭಾಗ ಇವೆ. ಎಡಕ್ಕೆ ‘ಮನುಷ್ಯ’, ಬಲಕ್ಕೆ ‘ಬೆಟ್ಟ’. ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನಲ್ಲಿ ಇರುವುದೂ ಸಿದ್ಧರ ಬೆಟ್ಟ. ಅದೂ ಮದ್ದಿನ ಗಿಡಗಳಿಗೆ ಹೆಸರಾದ ಬೆಟ್ಟ. ಇದು ಆಕಸ್ಮಿಕ ಹೋಲಿಕೆ ಎಂದು ಗೊತ್ತು. ಆದರೆ ಕಲ್ಪನೆ ಎಷ್ಟು ಹತ್ತಿರ ಇದೆ ನೋಡಿ. ಶಿಯೆನ್ ಕಥೆಗಳಲ್ಲಿ ಪಾದರಸದ ರಸವಿದ್ಯೆ ಬರುತ್ತದೆ, ನಮ್ಮ ರಸಸಿದ್ಧರಿಗೂ ಪಾದರಸವೇ ಬೇಕು. ಅಲ್ಲಿ ‘ದಾನ್’ ಎಂಬ ಗುಂಡನೆಯ ಮದ್ದು, ನಮ್ಮಲ್ಲಿ ಸಿದ್ಧರ ಗುಟಿಕೆ. ಇಂಗ್ಲಿಷ್‌ನಲ್ಲಿ ಅದನ್ನು ‘ಪಿಲ್’ ಎಂದಾಗ ಔಷಧದ ಅಂಗಡಿ ನೆನಪಾಗುತ್ತದೆ. ಕನ್ನಡದ ‘ಗುಳಿಗೆ’ಗೆ ಆ ತೊಡಕಿಲ್ಲ. ಹಳೆಯ ಕಾಲದ ವಾಸನೆ ಅದಕ್ಕೆ ಇನ್ನೂ ಇದೆ. ಗೋರಕ್ಷನ ವಜ್ರದಂಥ ಮೈಗೆ ಅಲ್ಲಮ ಕತ್ತಿ ಬೀಸಿದಾಗ ಖಣಿಲೆಂದು ಸದ್ದಾಯಿತು, ಗೋರಕ್ಷ ತಿರುಗಿ ಬೀಸಿದರೆ ಕತ್ತಿ ಅಲ್ಲಮನ ಮೈಯನ್ನು ಬಯಲಿನಲ್ಲಿ ಆಡಿಸಿದ ಹಾಗೆ ದಾಟಿತು ಎಂಬ ಕಥೆ ನಮಗೆಲ್ಲ ಗೊತ್ತಲ್ಲ. ಆ ದೃಶ್ಯವನ್ನು ಯಾವ ಶಿಯೆನ್‌ಶಿಯಾ ಧಾರಾವಾಹಿಯಲ್ಲಿ ಇಟ್ಟರೂ ಹೊಂದುತ್ತದೆ.

ಇನ್ನೊಂದು ಕಾರಣವೂ ಇದೆ. ಈ ಕಥೆಗಳಲ್ಲಿ ಶಿಯೆನ್ ಆಗಲು ಮಾಡುವ ಅಭ್ಯಾಸಕ್ಕೆ ‘ಶಿಯೂ’ ಎನ್ನುತ್ತಾರೆ. ತಿದ್ದುವುದು, ದುರಸ್ತಿ ಮಾಡುವುದು, ಅಭ್ಯಾಸದಿಂದ ಒಪ್ಪ ಮಾಡುವುದು ಎಲ್ಲವೂ ಆ ಮಾತಿನಲ್ಲಿ ಸೇರಿವೆ. ಇಂಗ್ಲಿಷ್ ಓದುಗರು ಇದಕ್ಕೆ ‘ಕಲ್ಟಿವೇಶನ್’ ಎಂಬ ಪದ ಹಿಡಿದಿದ್ದಾರೆ. ಚೀನೀ ಜಾಲಕಾದಂಬರಿಗಳನ್ನು ಇಂಗ್ಲಿಷ್‌ಗೆ ತರುವ ‘ವೂಶಿಯಾವರ್ಲ್ಡ್’ ತಾಣ 2014ರಲ್ಲಿ ಶುರುವಾಯಿತು. ಇಂಥ ತಾಣಗಳಲ್ಲಿ ಅಭಿಮಾನಿಗಳೇ ಬಳಸಿ ಬಳಸಿ ಆ ಪದ ಗಟ್ಟಿಯಾಯಿತು. ಅದನ್ನು ನೋಡಿ ಕನ್ನಡದಲ್ಲಿ ‘ಕೃಷಿ’ ಎಂದರೆ ಹೇಗೆ? ಸಾಹಿತ್ಯ ಕೃಷಿ ಎನ್ನುತ್ತೇವೆ. ತನುವನ್ನು ತೋಟ ಮಾಡಿ, ಮನವನ್ನು ಗುದ್ದಲಿ ಮಾಡಿದ ಅಲ್ಲಮನ ವಚನವೂ ಇದೆ. ಹಾಗಾಗಿ ಅದು ತೀರಾ ತಪ್ಪಲ್ಲ. ಆದರೂ ನನ್ನ ಮನಸ್ಸು ‘ಸಾಧನೆ’ಯ ಕಡೆಗೇ ವಾಲುತ್ತದೆ. ಮಾಡುವವನು ಸಾಧಕ, ಮುಗಿಸಿದವನು ಸಿದ್ಧ. ಎರಡೂ ಒಂದೇ ಬೇರಿನ ಪದಗಳು. ಕಥೆಯ ಪೂರ್ತಿ ಏಣಿ ಈ ಎರಡು ಪದಗಳಲ್ಲೇ ಸಿಗುತ್ತದೆ. ಈ ಅನುಕೂಲ ಇಂಗ್ಲಿಷ್‌ಗೆ ಇಲ್ಲ.

ಈಗ ‘ಸಿದ್ಧ’ಕ್ಕೆ ಇರುವ ಅಡ್ಡಿಗಳು. ಜೈನರಲ್ಲಿ ಸಿದ್ಧ ಎಂದರೆ ಕರ್ಮ ಕಳೆದು ಬಿಡುಗಡೆಯಾದ ಜೀವ, ಅದಕ್ಕೆ ಮೈಯೇ ಇಲ್ಲ. ಶಿಯೆನ್‌ಗೆ ಮೈಯೇ ಎಲ್ಲ, ಆ ಮೈಯನ್ನು ಉಳಿಸಿಕೊಳ್ಳುವುದೇ ಗುರಿ. ಜೈನ ಓದುಗರಿಗೆ ಈ ಅನುವಾದ ತಲೆಕೆಳಗಾಗಿ ಕಾಣಬಹುದು. ಈ ಬಗ್ಗೆ ತಿಳಿದವರು ದಯವಿಟ್ಟು ಹೇಳಿ, ನನಗೆ ಇದು ನಿಜವಾದ ಚಿಂತೆ. ಇನ್ನು ‘ಊಟ ಸಿದ್ಧ’ ಎಂಬ ಬಳಕೆಯಿಂದ ಗೊಂದಲ ಆಗುತ್ತದೆ ಎನ್ನುವವರಿಗೆ, ವಾಕ್ಯ ನೋಡಿದರೆ ಗೊತ್ತಾಗುತ್ತದೆ ಎಂದಷ್ಟೇ ಹೇಳುತ್ತೇನೆ.

‘ಋಷಿ’ ಎಂದೂ ಯೋಚಿಸಿದೆ. ಅದಕ್ಕೆ ಇತಿಹಾಸದ ಬೆಂಬಲ ಇದೆ. ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಂದವರು ಸಂಸ್ಕೃತದ ಋಷಿಯನ್ನು ಬರೆದದ್ದೇ ‘ಶಿಯೆನ್‌ರೆನ್’ ಎಂದು. ಅಂದರೆ ಆ ದಾರಿಯಲ್ಲಿ ಒಮ್ಮೆ ಪದ ಹೋಗಿದೆ, ನಾವು ಹಿಂದಕ್ಕೆ ತರುತ್ತೇವೆ ಅಷ್ಟೇ. ಆದರೆ ಕನ್ನಡದಲ್ಲಿ ಋಷಿ ಎಂದ ಕೂಡಲೇ ಗಡ್ಡ, ಕಮಂಡಲ, ಆಶ್ರಮ. ಬಿಳಿ ರೇಷ್ಮೆ ಉಟ್ಟು ಕತ್ತಿಯ ಮೇಲೆ ನಿಂತು ಹಾರುವ ಹುಡುಗಿಗೆ ಅದು ಕೂಡುವುದಿಲ್ಲ.

‘ದಿ ಅನ್‌ಟೇಮ್ಡ್’ ಧಾರಾವಾಹಿಯ ಮೂಲ ಕಾದಂಬರಿಯ ಹೆಸರು ‘ಮೊ ದಾವೊ ಜು ಶಿ’. ‘ದಾವೊ’ ದಾರಿ. ‘ಮೊ’ ಎಂಬ ಅಕ್ಷರ ಹುಟ್ಟಿದ್ದೇ ಬುದ್ಧನನ್ನು ಕಾಡಿದ ಮಾರನ ಹೆಸರು ಬರೆಯಲು. ಹಾಗೆಂದು ‘ಮಾರನ ದಾರಿ’ ಎಂದರೆ ಕನ್ನಡದಲ್ಲಿ ಕೆಡುತ್ತದೆ. ನಮ್ಮ ಕಾವ್ಯದ ಮಾರ ಮನ್ಮಥ. ನನಗೆ ಒಪ್ಪಿದ್ದು ‘ವಾಮಮಾರ್ಗ’. ಚೀನೀ ಭಾಷೆಯಲ್ಲೂ ತಪ್ಪು ಸಾಧನೆಗೆ ‘ಜುವೊ ದಾವೊ’ ಎಂಬ ಮಾತಿದೆ, ಅದರ ಅರ್ಥ ಎಡದ ದಾರಿ. ವಾಮ ಎಂದರೂ ಎಡವೇ. ಇಷ್ಟು ಸರಿಯಾಗಿ ಕೂರುವ ಪದ ಇದ್ದಾಗ ‘ಪೈಶಾಚಿಕ ಕೃಷಿ’ ಎಂಬಂಥದ್ದು ಯಾಕೆ ಬೇಕು?

ನೆಂಟಸ್ತಿಕೆಯ ಪದಗಳಲ್ಲಿ ನಾವು ಇನ್ನೂ ಸುಖಿಗಳು. ಗೆಗೆ ಅಣ್ಣ, ದಿದಿ ತಮ್ಮ, ಜ್ಯೆಜ್ಯೆ ಅಕ್ಕ, ಮೆಯ್‌ಮೆಯ್ ತಂಗಿ. ಇಂಗ್ಲಿಷ್‌ಗೆ ಹಿರಿಯ, ಕಿರಿಯ ಎಂದು ಬಾಲ ಕಟ್ಟಬೇಕು. ನಾಯಕ ತನ್ನ ಗುರುವಿನ ಮಗಳನ್ನು ‘ಶಿಜ್ಯೆ’ ಎಂದು ಕರೆಯುತ್ತಾನೆ, ಒಂದೇ ಗುರುವಿನ ಬಳಿ ಕಲಿತ ಅಕ್ಕ ಎಂದು. ನಾನು ಬರೀ ‘ಅಕ್ಕ’ ಎಂದೆ. ಅವಳು ಸತ್ತ ಕಂತಿನಲ್ಲಿ ಅಮ್ಮ ಅತ್ತರು. ‘ಸೀನಿಯರ್ ಸಿಸ್ಟರ್’ ಎಂದಿದ್ದರೆ ಅಳು ಬರುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ.

ಇದೆಲ್ಲ ನೋಡಿದ ಮೇಲೆ, ಇಂಥ ಕಥೆಗಳ ಮೂಲಕ ಒಂದು ದೇಶ ಹೊರಗಿನವರನ್ನು ಸೆಳೆಯುವುದಕ್ಕೆ ಪತ್ರಿಕೆಗಳು ಬಳಸುವ ‘ಮೃದುಶಕ್ತಿ’ ಎಂಬ ಪದ ನನಗೆ ಸಪ್ಪೆ ಅನ್ನಿಸುತ್ತಿದೆ. ಅಮೆರಿಕದ ರಾಜಕೀಯ ವಿದ್ವಾಂಸ ಜೋಸೆಫ್ ನೈ 1990ರಲ್ಲಿ ‘ಸಾಫ್ಟ್ ಪವರ್’ ಎಂದಾಗ ಹೇಳಿದ್ದು ಹೆದರಿಸದೆ, ದುಡ್ಡು ಕೊಡದೆ, ಬೇರೆಯವರು ತಾವಾಗಿ ಬಯಸುವ ಹಾಗೆ ಮಾಡುವ ಬಲವನ್ನು. ಮುಖ್ಯವಾದದ್ದು ಸೆಳೆತ, ಮೆದುತನ ಅಲ್ಲ. ಚೀನೀಯರು ಅದನ್ನು ‘ರುವಾನ್ ಶಿಲಿ’ ಮಾಡಿಕೊಂಡರು, ಮೆತ್ತನೆಯ ಕಸುವು ಎಂದು. 2007ರ ಕಮ್ಯುನಿಸ್ಟ್ ಪಕ್ಷದ ಮಹಾಧಿವೇಶನದಲ್ಲಿ ಆಗಿನ ಅಧ್ಯಕ್ಷ ಹು ಜಿಂಟಾವೊ ಅದನ್ನು ದೇಶದ ಗುರಿಯಾಗಿ ಹೇಳಿದರು. ಕನ್ನಡಕ್ಕೆ ‘ಸೆಳೆಬಲ’ ಹೇಗೆ? ಹೊಳೆಯ ಸೆಳವಿನ ನೆನಪೂ ಅದರಲ್ಲಿದೆ.

ಆದರೆ ಬಲ ಎಂದರೆ ಅದನ್ನು ಬಳಸುವ ಒಬ್ಬ ಇರಬೇಕು. ‘ದಿ ಅನ್‌ಟೇಮ್ಡ್’ ಅನ್ನು ಪರದೇಶದಲ್ಲಿ ಹಬ್ಬಿಸಿದ್ದು ಹೆಚ್ಚಾಗಿ ಅಭಿಮಾನಿಗಳು. 2021ರ ಸೆಪ್ಟೆಂಬರ್‌ನಲ್ಲಿ ಚೀನಾದ ಪ್ರಸಾರ ನಿಯಂತ್ರಕರು ಹೆಣ್ಣಿಗನಂತೆ ಕಾಣುವ ನಟರು ಬೇಡ ಎಂದು ಆದೇಶ ಮಾಡಿದರು. ಹೊರಗಿನವರು ಮೆಚ್ಚಿದ ನಾಜೂಕು ಚೆಲುವಿಗೇ ಆ ಏಟು ಬಿತ್ತು. 2025ರ ‘ನೆಝಾ 2’ ಇನ್ನೊಂದು ಕಥೆ. ಗಳಿಕೆಯಲ್ಲಿ 200 ಕೋಟಿ ಡಾಲರ್ ದಾಟಿದ ಅನಿಮೇಶನ್ ಚಿತ್ರ ಅದು. ಗಳಿಕೆಯ ಬಹುಪಾಲು ಚೀನಾದೊಳಗೇ ಬಂತು. ಹಾಗಾಗಿ ಆ ಮೊತ್ತದಿಂದ ಸೆಳೆಬಲ ಅಳೆಯಬಾರದು. ಅಂದ ಹಾಗೆ ಚೀನೀ ಪುರಾಣದ ಬಾಲದೇವನಾದ ನೆಝಾನ ಹೆಸರು ಕುಬೇರನ ಮಗ ನಲಕೂಬರನದೇ, ಸವೆದು ಸವೆದು ಹಾಗಾಯಿತು ಎಂದು ವಿದ್ವಾಂಸರು ತೋರಿಸಿದ್ದಾರೆ. ಎಲ್ಲ ನಮ್ಮದೇ ಎನ್ನಲು ಇದನ್ನು ಹೇಳುತ್ತಿಲ್ಲ. ಅವನನ್ನು ಇಂದಿನ ನೆಝಾ ಮಾಡಿದ್ದು ಚೀನಾದ ಜನರೇ.

ಹಾಗಾಗಿ ನನ್ನ ಸಲಹೆ ಹೀಗಿದೆ. ಸರ್ಕಾರ ಬೇಕೆಂದೇ ಬಳಸುವುದಕ್ಕೆ ಸೆಳೆಬಲ, ಜನ ತಾವಾಗಿ ಒಲಿಯುವುದಕ್ಕೆ ಬರೀ ಸೆಳೆತ.

ಶಿಯೆನ್‌ಶಿಯಾ ಎಂಬ ಪ್ರಕಾರದ ಹೆಸರನ್ನು ಮಾತ್ರ ಹಾಗೇ ಇಟ್ಟುಕೊಳ್ಳೋಣ ಅನ್ನಿಸುತ್ತದೆ. ಕುಂಗ್‌ಫು ಹೇಗೂ ಕನ್ನಡದ ಪದವೇ ಆಗಿಹೋಗಿದೆ. 2024ರಲ್ಲಿ ಬಂದ ‘ಬ್ಲ್ಯಾಕ್ ಮಿತ್: ವುಕಾಂಗ್’ ಎಂಬ ವಿಡಿಯೊ ಆಟದವರು ಇಂಗ್ಲಿಷ್ ಆವೃತ್ತಿಯಲ್ಲೂ ‘ಡ್ರ್ಯಾಗನ್’ ಎನ್ನದೆ ‘ಲೂಂಗ್’ ಎಂದೇ ಇಟ್ಟರು, ಭೂತ ಪಿಶಾಚಿಗಳಿಗೆ ಹೇಳುವ ‘ಯಾವೊಗ್ವಾಯ್’ ಎಂಬ ಪದವನ್ನೂ ಬದಲಿಸಲಿಲ್ಲ. ಆಡುವವರು ಕಲಿತುಕೊಂಡರು.

ನಿಮ್ಮ ಕಡೆ ಸಿದ್ಧರ ಕಥೆಗಳು ಇದ್ದರೆ ತಿಳಿಸಿ. ಮುಖ್ಯವಾಗಿ ಹೆಣ್ಣು ಸಿದ್ಧರಿಗೆ ಹಳ್ಳಿಯ ಜನ ಏನೆಂದು ಕರೆಯುತ್ತಾರೆ? ‘ಸಿದ್ಧೆ’ ಎಂದು ಯಾರಾದರೂ ಬಾಯಲ್ಲಿ ಆಡುವುದನ್ನು ಕೇಳಿದ್ದೀರಾ? ನಾಳೆಯಿಂದ ನೋಡಲಿರುವ ಧಾರಾವಾಹಿಯಲ್ಲಿ ನಾಯಕಿಯೇ ಶಿಯೆನ್. ಅಮ್ಮನಿಗೆ ಏನು ಹೇಳಲಿ?