ಸಹಾಯ ಬೇಕು: ಫೋಲ್ಸಮ್ ಜಲಾಶಯಕ್ಕೆ ಮೊದಲ ಸಲ ದೋಣಿ ಇಳಿಸುತ್ತಿದ್ದೇನೆ

ಸ್ಯಾಕ್ರಮೆಂಟೊ ಸುತ್ತಮುತ್ತ ದೋಣಿ ಇಟ್ಟುಕೊಂಡಿರುವ ಕನ್ನಡಿಗರಲ್ಲಿ ಒಂದು ವಿನಂತಿ. 14 ಅಡಿಯ ಹಳೆಯ ಅಲ್ಯೂಮಿನಿಯಂ ದೋಣಿ ಕೊಂಡಿದ್ದೇನೆ. ಆಗಸ್ಟ್ ಕೊನೆಯ ಶನಿವಾರ ಗ್ರಾನೈಟ್ ಬೇ ರ‍್ಯಾಂಪಿನಿಂದ ನೀರಿಗಿಳಿಸುವ ಆಸೆ. ನಾನು, ಹೆಂಡತಿ, ಎಂಟು ವರ್ಷದ ಮಗಳು, ಶಿವಮೊಗ್ಗದ ಸಾಗರದಿಂದ ಬಂದಿರುವ ಅಪ್ಪ, ಇಷ್ಟೇ ಜನ.

ದೋಣಿ ಚಾಲಕರ ಕಾರ್ಡ್ ಆಗಿದೆ. ದೋಣಿಗಳಿಗೆ ಅಂಟಿಕೊಂಡು ಹರಡುವ ಗೋಲ್ಡನ್ ಮಸಲ್ ಎಂಬ ಚಿಪ್ಪುಜೀವಿಯ ಕಾಟಕ್ಕಾಗಿ ದೋಣಿಯನ್ನು ತಪಾಸಣೆ ಮಾಡಿಸಿ, ನಡುವೆ ಬೇರೆಲ್ಲೂ ನೀರಿಗಿಳಿಸದಂತೆ ಮುದ್ರೆ ಹಾಕಿಸಿ 30 ದಿನ ಕಾಯುತ್ತಿದ್ದೇನೆ. ಆ ತಪಾಸಣೆಗೆಂದು ತೊಳೆಯುವಾಗಲೇ ಗೊತ್ತಾಗಿದ್ದು, ತಳದ ನೀರು ಬಿಡುವ ತೂತಿಗೆ ಬಿರಡೆಯೇ ಇಲ್ಲ! ಹೊಸದು ತಂದು, ಇನ್ನೊಂದನ್ನು ಕೀಲಿಗೊಂಚಲಿಗೆ ಕಟ್ಟಿಕೊಂಡಿದ್ದೇನೆ.

ಈಗ ಪ್ರಶ್ನೆಗಳು. ದೋಣಿಯ ತಗಡಿನ ಫಲಕದಲ್ಲಿ ನಾಲ್ಕು ಜನ ಎಂದಿದೆ, ಆದರೆ ತೂಕದ ಅಂಕಿ ಸವೆದುಹೋಗಿದೆ. ಊಟದ ಡಬ್ಬಿ, ಐಸ್ ಪೆಟ್ಟಿಗೆ ಸೇರಿದರೆ ಹೆಚ್ಚಾಗುತ್ತದೆಯೇ? ಬೇಸಿಗೆಯ ಕೊನೆಗೆ ನೀರು ಇಳಿದು ಬಂಡೆಗಳು ಮೇಲ್ಮೈಗೆ ಹತ್ತಿರ ಬರುತ್ತವೆ. ಯಾವ ಕಡೆ ಹೋಗಲೇಬಾರದು? ಗಾಳಿ ಏಳುವ ಮೊದಲು ಮರಳಬೇಕೆಂದರೆ ಎಷ್ಟು ಗಂಟೆಗೆ ಹೊರಡಬೇಕು? ಟ್ರೇಲರ್ ಹಿಂದಕ್ಕೆ ಇಳಿಸುವುದನ್ನು ಖಾಲಿ ಪಾರ್ಕಿಂಗ್ ಜಾಗದಲ್ಲಿ ಅಭ್ಯಾಸ ಮಾಡುತ್ತಿದ್ದೇನೆ, ಇನ್ನೂ ಸೊಟ್ಟವೇ.

ದೊಡ್ಡ ತಲೆನೋವು ಅಪ್ಪ. 13 ವರ್ಷದೊಳಗಿನ ಮಕ್ಕಳು ಲೈಫ್ ಜಾಕೆಟ್ ತೊಡಲೇಬೇಕು ಎಂಬ ಕಾನೂನನ್ನು ಓದಿ, "ನಾನು ಮಗುವೇ? ಹೊಳೆಬಾಗಿಲಿನ ಲಾಂಚಿನಲ್ಲಿ ಬಸ್ಸಿನ ಪಕ್ಕ ನಿಂತು ಶರಾವತಿ ದಾಟಿದವನು" ಎನ್ನುತ್ತಾರೆ. ಕುತ್ತಿಗೆಗೆ ಒತ್ತದ, ಸೆಕೆಯಾಗದ ಜಾಕೆಟ್ ಬಳಸಿದವರಿದ್ದರೆ ದಯವಿಟ್ಟು ತಿಳಿಸಿ. ಅಂದು ರ‍್ಯಾಂಪಿನ ಬಳಿ ಯಾರಾದರೂ ಅನುಭವಿಗಳು ಸಿಕ್ಕರೆ ಚಿತ್ರಾನ್ನ, ಕಾಫಿ ನನ್ನ ಕಡೆಯಿಂದ.