ಸಮಸ್ಯೆ: «ಊಟಾಯ್ತೇ ಎಂಬ ಮಾತೆ ಹೊಟ್ಟೆಗೆ ಸಾಕೈ»

ಕಂದಪ್ರಿಯ: ಈ ವಾರದ ಸಾಲು ಮೇಲಿದೆ, ಅದೇ ಕೊನೆಯ ಸಾಲಾಗುವಂತೆ ನಾಲ್ಕು ಸಾಲಿನ ಕಂದಪದ್ಯ ಕಟ್ಟಿ. ಷರತ್ತು ಒಂದೇ. "ಊಟ ಆಯ್ತಾ" ಅನ್ನೋ ಮಾತಿಂದ ನೀವೇ ಹುಟ್ಟಿಸಿದ ಹೊಸ ಪದ ಪದ್ಯದೊಳಗೆ ಬರಬೇಕು. ನಿಘಂಟಿನಲ್ಲಿ ಸಿಕ್ಕರೆ ಲೆಕ್ಕಕ್ಕಿಲ್ಲ.

ಮೈಸೂರು ಗಮಕಿ: ಬೋಣಿ ನನ್ನದು.

ಪೇಟೆಯೊಳೊಬ್ಬನೆ ಕುಳಿತಿರೆ
ಗೇಟಿನ ಬಳಿ ನಿಂತ ನೆರೆಯ ಊಟಾಯ್ತಿಗ ತಾಂ
ನೋಟದೊಳೇ ನಗೆ ಸೂಸಲ್
ಊಟಾಯ್ತೇ ಎಂಬ ಮಾತೆ ಹೊಟ್ಟೆಗೆ ಸಾಕೈ

ಊಟಾಯ್ತಿಗ ಅಂದರೆ ಸಿಕ್ಕವರನ್ನೆಲ್ಲ ಊಟ ಆಯ್ತಾ ಅಂತ ಕೇಳುವವನು.

ಹಳೇಹೊತ್ತಗೆ: "ನೆರೆಯ ಊಟಾಯ್ತಿಗ"? ವಿಸಂಧಿ, ಸಂಧಿ ಆಗಬೇಕಾದ ಕಡೆ ಬಿಟ್ಟಿದ್ದೀರಿ. ಕಳೆದ ವಾರವೂ ಇದೇ ತಪ್ಪು ಮಾಡಿದ್ದಿರಿ. ಅದಿರಲಿ, ಪದವೇ ಕೂಡುವುದಿಲ್ಲ. ಕನ್ನಡಿಗ, ಲೆಕ್ಕಿಗ, ಗಾಣಿಗ ನೋಡಿ. ಇಗ ಹತ್ತುವುದು ನಾಮಪದಕ್ಕೆ. ನಿಮ್ಮ "ಊಟಾಯ್ತು" ಕ್ರಿಯಾಪದ ಸಮೇತ ಇರುವ ಇಡೀ ವಾಕ್ಯ. ವ್ಯಾಕರಣಕಾರ ಕೇಶಿರಾಜ 13ನೇ ಶತಮಾನದಲ್ಲೇ ಶಬ್ದಮಣಿದರ್ಪಣದಲ್ಲಿ ತದ್ಧಿತಕ್ಕೆ, ಅಂದರೆ ನಾಮಪದಕ್ಕೆ ಹತ್ತಿ ಹೊಸ ಪದ ಮಾಡುವ ಇಂಥ ಪ್ರತ್ಯಯಗಳಿಗೆ, ಒಂದು ಪ್ರಕರಣ ಮೀಸಲಿಟ್ಟಿದ್ದಾನೆ, ಒಮ್ಮೆ ತೆರೆದು ನೋಡಿ.

ಮೈಸೂರು ಗಮಕಿ: ವಿಸಂಧಿ ಒಪ್ಪಿದೆ. ಪದ ಮಾತ್ರ ಬಿಡಲ್ಲ. "ಹೌದಪ್ಪ" ಕೂಡ ವಾಕ್ಯವೇ ಅಲ್ವಾ ಸ್ವಾಮಿ? ಎಲ್ಲದಕ್ಕೂ ತಲೆಯಾಡಿಸುವವರನ್ನು ಹೌದಪ್ಪಗಳು ಅಂತ ಎಲ್ಲರೂ ಬರೆಯುತ್ತಾರೆ. ಆಗ ನಿಮ್ಮ ಕೇಶಿರಾಜನನ್ನು ಯಾರೂ ಎಬ್ಬಿಸಲಿಲ್ಲ.

ಹಳೇಹೊತ್ತಗೆ: ಗಳು ಬಹುವಚನ. ಇಗ ತದ್ಧಿತ. ಎರಡನ್ನೂ ಒಂದೇ ಗಾಣಕ್ಕೆ ಕಟ್ಟಬೇಡಿ.

ಪೇಢಾನಗರಿ: ನೀವು ಜಗಳ ಆಡ್ರಿ, ನಾನು ಪದ್ಯ ಹಾಕ್ತೀನಿ.

ಓಟದ ಬಾಳಿನ ನಡುವೊಳ್
ಊಟಾತಿಸುತಿದ್ದಳಜ್ಜಿ ಫೋನಿನ ತುದಿಯೊಳ್
ಕಾಟವಿದೆಂದವಗಿಂದೀ
ಊಟಾಯ್ತೇ ಎಂಬ ಮಾತೆ ಹೊಟ್ಟೆಗೆ ಸಾಕೈ

ನಮ್ಮ ಕಡೆ "ಊಟ ಆತೇನ್ರಿ" ಅಂತೀವಿ, ಅದಕ್ಕೇ ಊಟಾತಿಸು. ಅಜ್ಜಿ ದಿನಾ ರಾತ್ರಿ ಎಂಟೂವರೆಗೆ ಫೋನ್ ಮಾಡಿ, ಅದೊಂದೇ ಮಾತು ಕೇಳಿ, ನಾನು ಹ್ಞೂಂ ಅಂದ ಕೂಡಲೇ ಇಟ್ಟುಬಿಡುತ್ತಿದ್ದಳು. ಕೊನೆಯ ಸಾಲಲ್ಲಿ "ಊಟಾತೇನೆಂಬ" ಅಂತಲೇ ಹಾಕುವ ಆಸೆ ಇತ್ತು. ಅದೂ ಛಂದಸ್ಸಿಗೆ ಕೂರುತ್ತದೆ, ಮಾತ್ರೆ ಎಣಿಸಿ ನೋಡಿ. ಕೊಟ್ಟ ಸಾಲು ಮುಟ್ಟಬಾರದು ಅಂತ ಬಿಟ್ಟೆ.

ಕಂದಪ್ರಿಯ: ಚೆನ್ನಾಗಿದೆ.

ಹಳೇಹೊತ್ತಗೆ: ಕೂತಿದೆ.

ಮೈಸೂರು ಗಮಕಿ: ಒಂದು ನಿಮಿಷ. "ಊಟಾತು" ವಾಕ್ಯ ಅಲ್ವಾ? ಧಾರವಾಡದವರ ವಾಕ್ಯಕ್ಕೆ ಇಸು ಹತ್ತಬಹುದು, ನನ್ನದಕ್ಕೆ ಇಗ ಹತ್ತಬಾರದು?

ಹಳೇಹೊತ್ತಗೆ: ಇಸು ಬಾಯಿ ದೊಡ್ಡದು. ಗುನುಗುನಿಸು, ಧಗಧಗಿಸು ಅಂತ ಬರೀ ಸದ್ದಿಗೂ ಹತ್ತುತ್ತದೆ. ಇಗ ಅಷ್ಟು ಸುಲಭಕ್ಕೆ ಬರುವುದಿಲ್ಲ. ನಿಮಗೆ ಬೇಕಾದ್ದು ಗಾರ. ಊಟಾಯ್ತುಗಾರ ಅನ್ನಿ.

ಮೈಸೂರು ಗಮಕಿ: ಗಾರ ಮಾತ್ರ ವಾಕ್ಯಕ್ಕೆ ಹತ್ತುತ್ತಾ? ಅದೂ ತದ್ಧಿತವೇ! ಜೊತೆಗೆ ಊಟಾಯ್ತುಗಾರ ಅಂದರೆ ಹೋಟೆಲ್ ಇಟ್ಟವನ ಹಾಗೆ ಕೇಳುತ್ತದೆ.

ಕರಾವಳಿಗ: ತುಳುವಿನಲ್ಲಿ ನಾವು "ವಣಸ್ ಆಂಡಾ" ಅನ್ನುವುದು. ಹಾಗಾದರೆ ವಣಸಾಂಡಿಗ ಆಗುತ್ತದಾ?

ಕಂದಪ್ರಿಯ: ತುಳುವಿಗೆ ಬೇರೆ ದಿನ ಇಟ್ಟುಕೊಳ್ಳೋಣ. ಗಮಕಿಗಳೇ, ಮೊದಲು ಆ ಸಾಲು ತಿದ್ದಿ.

ಮೈಸೂರು ಗಮಕಿ: ತಗೊಳ್ಳಿ.

ಗೇಟಿನ ಬಳಿ ಬಂದು ನಿಲ್ಲಲೂಟಾಯ್ತಿಗ ತಾಂ

ಹಳೇಹೊತ್ತಗೆ: ಸಾಲು ಈಗ ಸರಿ. ಪದ ಒಪ್ಪಿಲ್ಲ.